ಪೆನ್ಸಿಲ್ ಮೇಲೆ ತೂಗಿ ನೋಡಿದ ಜೂಮ್ ಲೆನ್ಸ್

ಕ್ಯಾಮೆರಾವನ್ನು ಮೋಟರುಗಳಿಂದ ಅಲುಗದಂತೆ ಹಿಡಿದಿಡುವ ಗಿಂಬಲ್ ಮೇಲೆ, ಜೂಮ್ ಆಗದ ಪ್ರೈಮ್ ಲೆನ್ಸನ್ನೇ ಹಾಕಬೇಕು, ಜೂಮ್ ಹಾಕಿದರೆ ತಲೆನೋವು ತಪ್ಪಿದ್ದಲ್ಲ ಎಂಬ ಮಾತನ್ನು ಈ ಕೆಲಸಕ್ಕೆ ಕೈಹಾಕಿದ ದಿನದಿಂದಲೂ ಕೇಳುತ್ತ ಬಂದಿದ್ದೇನೆ. ಆ ಮಾತು ಸುಳ್ಳೇನೂ ಅಲ್ಲ. ಆದರೆ ಒಂದೇ ದಿನದಲ್ಲಿ 18, 25, 35, 50 ಮಿ.ಮೀ. (ಇದು ಫೋಕಲ್ ಲೆಂತ್; ಅಂಕಿ ಹೆಚ್ಚಿದಷ್ಟೂ ದೃಶ್ಯ ಹತ್ತಿರವಾಗಿ ಕಾಣುತ್ತದೆ) ಎಂದು ನಾಲ್ಕು ಪ್ರೈಮ್‌ಗಳನ್ನು ಬದಲಿಸುತ್ತ, ಪ್ರತಿ ಸಲವೂ ಕ್ಯಾಮೆರಾ ಪ್ಲೇಟನ್ನು ಹಿಂದೆ ಮುಂದೆ ಸರಿಸಿ, ಫೋಕಸ್ ಮೋಟರನ್ನು ಬಿಚ್ಚಿ ಮತ್ತೆ ಹಲ್ಲುಗಳಿಗೆ ಕೂಡಿಸಿ, ರಿಂಗಿನ ಎರಡು ತುದಿಗಳನ್ನು ಅದಕ್ಕೆ ಮತ್ತೆ ಗುರುತು ಮಾಡಿಸಿ, ಕೊನೆಗೆ ಗಿಂಬಲ್ಲಿನ ಮೋಟರುಗಳನ್ನು ಹೊಸ ತೂಕಕ್ಕೆ ಹೊಂದಿಸುವಷ್ಟರಲ್ಲಿ ನಾವು ಕಾದಿದ್ದ ಬೆಳಕು ಹೋಗಿಬಿಟ್ಟಿರುತ್ತಿತ್ತು. ಚಿತ್ರೀಕರಣದ ನಡುವೆ ಜೂಮ್ ಮಾಡುವ ಆಸೆ ನನಗೆ ಅಷ್ಟಾಗಿ ಇರಲಿಲ್ಲ. ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಫ್ರೇಮನ್ನು ಬದಲಿಸಲು ಸಾಧ್ಯವಾಗಬೇಕು, ಮತ್ತು ಹಾಗೆ ಬದಲಿಸಿದಾಗ ರಿಗ್ಗಿನ, ಅಂದರೆ ಕ್ಯಾಮೆರಾ ಮತ್ತು ಅದಕ್ಕೆ ಕೂಡಿಸಿದ್ದೆಲ್ಲದರ, ಸಮತೋಲನ ಕೆಡಬಾರದು, ಬೇಕಾಗಿದ್ದದ್ದು ಇಷ್ಟೇ. ಈ ಬರಹ ಆ ಹುಡುಕಾಟದ ದಾಖಲೆ.

ರಿಗ್ಗಿನ ವಿವರ ಹೀಗಿದೆ. ಇ-ಮೌಂಟ್ (ಲೆನ್ಸ್ ಕೂಡಿಸುವ ಸೋನಿಯ ಜೋಡಣೆ) ಇರುವ, ಸೂಪರ್ 35 ಅಳತೆಯ ಸೆನ್ಸರಿನ ಸಣ್ಣ ಸಿನಿಮಾ ಕ್ಯಾಮೆರಾ, ಮೂರು ಅಕ್ಷಗಳ ಕೈಹಿಡಿ ಗಿಂಬಲ್, ಅದರ ಮೇಲೆ ಹೊರಬಹುದಾದ ಗರಿಷ್ಠ ತೂಕ 4.5 ಕೆ.ಜಿ. ಲೆನ್ಸ್ ಆರಿಸುವ ಮೊದಲು ಉಳಿದದ್ದನ್ನೆಲ್ಲ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದೊಂದಾಗಿ ಇಟ್ಟು ಬರೆದುಕೊಂಡೆ. ಬ್ಯಾಟರಿ ಸಮೇತ ಕ್ಯಾಮೆರಾ 650 ಗ್ರಾಂ, ಅದರ ಸುತ್ತಲಿನ ಲೋಹದ ಚೌಕಟ್ಟು ಅಂದರೆ ಕೇಜ್ 250, ಪ್ಲೇಟ್ 150, ಫೋಕಸ್ ಮತ್ತು ಜೂಮ್ ಮೋಟರುಗಳೆರಡೂ ಸೇರಿ 300, 15 ಮಿ.ಮೀ. ರಾಡುಗಳೂ ಲೆನ್ಸಿಗೆ ಆಸರೆಯೂ ಸೇರಿ 250, ವಿಡಿಯೊ ಟ್ರಾನ್ಸ್‌ಮಿಟರ್ 200, ಮುಂದೆ ತಿರುಗಿಸಿ ಕೂರಿಸುವ, ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ 120. ಒಟ್ಟು 1,920 ಗ್ರಾಂ. ಕಾಗದದ ಮೇಲಿನ ಲೆಕ್ಕಕ್ಕೆ ಲೆನ್ಸಿನ ಪಾಲಿಗೆ ಇನ್ನೂ 2.5 ಕೆ.ಜಿ.ಗಿಂತ ಹೆಚ್ಚೇ ಉಳಿದಿತ್ತು.

ಆದರೆ ಆ ಗರಿಷ್ಠ ಅಂಕಿಯನ್ನು ನಂಬಿ ಪೂರ್ತಿ ತುಂಬುವುದು ಸರಿಯಲ್ಲ. ಗಿಂಬಲ್ಲಿನ ಮೋಟರಿಗೆ ಹೊರೆಯಾಗುವುದು ಬರಿಯ ತೂಕವಲ್ಲ, ಆ ತೂಕ ಅಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದೂ ಹೌದು. ತಿರುಗುವುದಕ್ಕೆ ಒಂದು ವಸ್ತು ಒಡ್ಡುವ ಜಡತ್ವ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಅಕ್ಷದಿಂದ 10 ಸೆಂ.ಮೀ. ದೂರದಲ್ಲಿದ್ದ ಗಾಜಿನ ತುಂಡನ್ನು 20 ಸೆಂ.ಮೀ. ದೂರಕ್ಕೆ ಒಯ್ದರೆ ಮೋಟರಿನ ಕೆಲಸ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಜೂಮ್‌ಗಳೋ ಉದ್ದನೆಯವು, ಭಾರವಾದ ಗಾಜೆಲ್ಲ ಬಹುಪಾಲು ಮೂತಿಯಲ್ಲೇ ಇರುವಂಥವು. ಹಾಗಾಗಿ ಮಿತಿಯ ಮುಕ್ಕಾಲು ಪಾಲು ದಾಟಬಾರದೆಂದು ನಾನೇ ಒಂದು ಗೆರೆ ಎಳೆದುಕೊಂಡೆ. ಲೆನ್ಸಿಗೆ ಸಿಕ್ಕಿದ್ದು ಸುಮಾರು 1.4 ಕೆ.ಜಿ.

ಈ ಒಂದು ಗೆರೆಯಿಂದಲೇ ಒಳ್ಳೊಳ್ಳೆಯ ಹೆಸರುಗಳು ಪಟ್ಟಿಯಿಂದ ಬಿದ್ದುಹೋದವು. ಸಿನಿಮಾ ಜೂಮ್ ಎಂದಾಕ್ಷಣ ಹಲವರ ಕಣ್ಣ ಮುಂದೆ ಬರುವ ಆಂಜೆನ್ಯೂ ಆಪ್ಟಿಮೊ 24-290 ಲೆನ್ಸೊಂದೇ ಸುಮಾರು 11 ಕೆ.ಜಿ. ತೂಗುತ್ತದೆ, ಅದಕ್ಕೆ ಗಿಂಬಲ್ ಹುಡುಕುವ ಬದಲು ಟ್ರೈಪಾಡ್ ಹುಡುಕುವುದು ಲೇಸು. ಫ್ಯೂಜಿನಾನ್ ಕ್ಯಾಬ್ರಿಯೊ 19-90 ಡ್ರೈವ್ ಸಮೇತ 2.7 ಕೆ.ಜಿ. ಆಂಜೆನ್ಯೂ ಕಂಪನಿಯದ್ದೇ ಹಗುರ ಸಾಲಿನ ಆಪ್ಟಿಮೊ 15-40, ಟಿ2.6 (ಟಿ ಅಂಕಿ ಕಡಿಮೆಯಾದಷ್ಟೂ ಲೆನ್ಸು ಹೆಚ್ಚು ಬೆಳಕು ಬಿಡುತ್ತದೆ), ಸುಮಾರು 1.9 ಕೆ.ಜಿ. ಈ ಕೊನೆಯದರ ಮೇಲೆ ನನಗೆ ಬಹಳ ದಿನಗಳ ಕಣ್ಣಿತ್ತು, ಬಿಡಲು ಮನಸ್ಸಾಗಲಿಲ್ಲ. ಆದರೆ ಅದು ಪಿಎಲ್ ಎಂಬ, ಸಿನಿಮಾ ಕ್ಯಾಮೆರಾಗಳ ಮೌಂಟಿನದು. ಪಿಎಲ್ ಮೌಂಟಿನಿಂದ ಸೆನ್ಸರಿಗೆ 52 ಮಿ.ಮೀ. ಅಂತರ ಬೇಕು, ಇ-ಮೌಂಟಿನದು 18 ಮಿ.ಮೀ.; ಅಂದರೆ ನಡುವೆ 34 ಮಿ.ಮೀ. ಉದ್ದದ ಲೋಹದ ಅಡಾಪ್ಟರ್ ಬರುತ್ತದೆ, ಲೆನ್ಸ್ ಅಷ್ಟೂ ದೂರ ಮುಂದಕ್ಕೆ ಹೋಗುತ್ತದೆ. 13.6 ಕೆ.ಜಿ. ಹೊರುವ ರೋನಿನ್ 2 ತರಹದ ದೊಡ್ಡ ಗಿಂಬಲ್ ಇದ್ದವರಿಗೆ ಇದು ಲೆಕ್ಕಕ್ಕೇ ಬಾರದ ಮಾತು. ನನ್ನ ರಿಗ್ಗಿಗೆ ಅದು ಮಾತು ಮುಗಿಸುವ ಸಂಗತಿಯಾಗಿತ್ತು.

ಉಳಿದವುಗಳಲ್ಲಿ ಮೊದಲು ಪರೀಕ್ಷಿಸಿದ್ದು ಕೈಯಲ್ಲೇ ಇದ್ದ ಫೋಟೋಗ್ರಫಿಯ 24-70 ಎಫ್/2.8 ಜೂಮನ್ನು. ತೂಕ ಸುಮಾರು 900 ಗ್ರಾಂ. ತೂಕದ ಲೆಕ್ಕದಲ್ಲಿ ತಕರಾರೇ ಇಲ್ಲ. 24ರಲ್ಲಿಟ್ಟು ಸಮತೋಲನ ಮಾಡಿದೆ. ಮೋಟರುಗಳನ್ನು ಆರಿಸಿ ಕ್ಯಾಮೆರಾವನ್ನು ಆಕಾಶದ ಕಡೆ ತಿರುಗಿಸಿದರೆ ಹಾಗೇ ನಿಂತಿತು, ನೆಲದ ಕಡೆ ತಿರುಗಿಸಿದರೂ ನಿಂತಿತು. ಆಮೇಲೆ 70ಕ್ಕೆ ಜೂಮ್ ಮಾಡಿ ಕೈಬಿಟ್ಟೆ. ಮೂತಿ ಮೆಲ್ಲಗೆ ಬಾಗುತ್ತ ಬಾಗುತ್ತ ಹೋಗಿ ಕೊನೆಗೆ ಗಿಂಬಲ್ಲಿನ ಹಿಡಿಯನ್ನೇ ಮುಟ್ಟಿತು. ಮೋಟರುಗಳಿಗೆ ಜೀವ ಕೊಟ್ಟಾಗ ಅವು ಅದನ್ನು ಎತ್ತಿ ಹಿಡಿದವು ನಿಜ, ಆದರೆ ಮೇಲೆ ಕೆಳಗೆ ಬಾಗಿಸುವ ಟಿಲ್ಟ್ ಮೋಟರಿನಿಂದ ತೆಳ್ಳನೆಯ ಗುಂಯ್ ಶಬ್ದ ಹೊರಟಿತು, ಹತ್ತು ನಿಮಿಷದಲ್ಲಿ ಅದರ ಮೈ ಬೆಚ್ಚಗಾಯಿತು. ರೆಕಾರ್ಡ್ ಆದದ್ದನ್ನು ದೊಡ್ಡ ಪರದೆಯಲ್ಲಿ ನೋಡಿದರೆ, ಚಿತ್ರದ ಗಡಿಗೆರೆಗಳು ನಡುಗುವ ನೀರಿನ ಮೇಲಿನ ನೆರಳಿನಂತೆ ಸಣ್ಣಗೆ ಅದುರುತ್ತಿದ್ದವು.

ಆಗ ಹೊಳೆದದ್ದು, ಲೆನ್ಸಿನ ತೂಕವನ್ನು ಅಳೆದಂತೆ ಆ ತೂಕದ ಓಡಾಟವನ್ನೂ ಅಳೆಯಬೇಕು ಎಂದು. ಕೊಳ್ಳುವ ಮುನ್ನ ಓದಿದ ಯಾವ ವಿವರಪಟ್ಟಿಯಲ್ಲೂ ನನಗೆ ಈ ಅಂಕಿ ಸಿಕ್ಕಿರಲಿಲ್ಲ. ಹಾಗಾಗಿ ಒಂದು ದುಂಡನೆಯ ಪೆನ್ಸಿಲನ್ನು ಎರಡೂ ಕಡೆ ಅಂಟುವ ಟೇಪಿನಿಂದ ಮೇಜಿಗೆ ಅಂಟಿಸಿ, ಅದರ ಮೇಲೆ ಲೆನ್ಸನ್ನು ಅಡ್ಡಲಾಗಿಟ್ಟು, ಎತ್ತಲೂ ವಾಲದ ಜಾಗ ಹುಡುಕಿದೆ. ಮೊದಲ ಪ್ರಯತ್ನ ಕೆಟ್ಟಿತು. ಲೆನ್ಸಿನ ಮೈ ಎಲ್ಲ ಕಡೆ ಒಂದೇ ದಪ್ಪವಿರುವುದಿಲ್ಲ, ರಿಂಗುಗಳ ಉಬ್ಬು ಪೆನ್ಸಿಲಿಗೆ ತಾಗಿ ಎಲ್ಲೆಲ್ಲೋ ನಿಲ್ಲುತ್ತಿತ್ತು. ಆಮೇಲೆ 30 ಸೆಂ.ಮೀ. ಮರದ ಸ್ಕೇಲಿಗೆ ಲೆನ್ಸನ್ನು ಎರಡು ರಬ್ಬರ್ ಬ್ಯಾಂಡುಗಳಿಂದ ಬಿಗಿದು, ಸ್ಕೇಲನ್ನು ಪೆನ್ಸಿಲ್ ಮೇಲೆ ತೂಗಿಸಿದೆ. ಈಗ ಅಂಕಿ ನೇರವಾಗಿ ಸ್ಕೇಲಿನ ಮೇಲೇ ಓದಲು ಸಿಕ್ಕಿತು. ವೈಡ್ (24) ತುದಿಯಲ್ಲಿ ಒಂದು ಗುರುತು, ಟೆಲಿ (70) ತುದಿಯಲ್ಲಿ ಇನ್ನೊಂದು. ಎರಡರ ನಡುವಿನ ಅಂತರವೇ ಗುರುತ್ವ ಕೇಂದ್ರ ಸರಿದ ದೂರ. ಸ್ಕೇಲಿನ ತೂಕ ಲೆನ್ಸಿನ ಮುಂದೆ ಎಣಿಕೆಗೆ ಬಾರದಷ್ಟು ಕಡಿಮೆ. ಕೆಳಗೆ ದಪ್ಪನೆಯ ಟವೆಲ್ ಹಾಸಿಕೊಳ್ಳುವುದನ್ನು ಮಾತ್ರ ಮರೆಯಬಾರದು.

24-70ರಲ್ಲಿ ಆ ಅಂತರ 9 ಮಿ.ಮೀ. ಬಂತು. ಕೇಳುವುದಕ್ಕೆ ಏನೇನೂ ಅಲ್ಲ. ಆದರೆ 900 ಗ್ರಾಂ ತೂಕ 9 ಮಿ.ಮೀ. ಸರಿಯುವುದೆಂದರೆ, ಸಮತೋಲನದಲ್ಲಿರುವ ಕ್ಯಾಮೆರಾದ ಅಕ್ಷದಿಂದ 8 ಸೆಂ.ಮೀ. ಮುಂದಕ್ಕೆ ಯಾರೋ ಸುಮಾರು 100 ಗ್ರಾಮಿನ ಬಟ್ಟೊಂದನ್ನು ತೂಗುಹಾಕಿ ಹೋದಂತೆ. ಜೂಮನ್ನು ನಡುವೆ, 40ರ ಆಸುಪಾಸಿನಲ್ಲಿಟ್ಟು ಸಮತೋಲನ ಮಾಡಿದರೆ ಈ ತಪ್ಪು ಎರಡು ತುದಿಗಳಿಗೂ ಹಂಚಿಹೋಗಿ ಅರ್ಧಕ್ಕಿಳಿಯುತ್ತದೆ. ತುರ್ತಿಗೆ ಇದು ಒಳ್ಳೆಯ ಉಪಾಯ, ಈಗಲೂ ಬೇರೆಯವರ ರಿಗ್ಗಿನಲ್ಲಿ ಕೆಲಸ ಮಾಡುವಾಗ ಹಾಗೇ ಮಾಡುತ್ತೇನೆ. ಹಿಂದುಗಡೆ ಎದುರುತೂಕ ಸೇರಿಸಿ ಸರಿಪಡಿಸಬಹುದೆಂದು ಒಂದು ಮಧ್ಯಾಹ್ನವಿಡೀ ಒದ್ದಾಡಿದ್ದೂ ಉಂಟು. ಅದು ಶುದ್ಧ ದಡ್ಡತನ. ಎದುರುತೂಕ ಇಟ್ಟಲ್ಲೇ ಇರುತ್ತದೆ, ಲೆನ್ಸಿನೊಳಗಿನ ಗಾಜು ಇಟ್ಟಲ್ಲಿ ಇರುವುದಿಲ್ಲ.

ಮೈಗೆ ಕಟ್ಟಿಕೊಂಡು ನಡೆಯುವ ಸ್ಟೆಡಿಕ್ಯಾಮ್ ಬಳಸುವವರಿಗೆ ಈ ಸಂಗತಿ ಇನ್ನೂ ಖಾರ. 1970ರ ದಶಕದಲ್ಲಿ ಗ್ಯಾರೆಟ್ ಬ್ರೌನ್ ರೂಪಿಸಿದ ಆ ಸಲಕರಣೆಯ ಮೂಲ ವಿನ್ಯಾಸದಲ್ಲಿ ತಪ್ಪನ್ನು ತಿದ್ದಲು ಮೋಟರುಗಳಿಲ್ಲ, ಕ್ಯಾಮೆರಾ ಹೊತ್ತ ಇಡೀ ಕಂಬ, ಅಂದರೆ ಸ್ಲೆಡ್, ಅದನ್ನು ಹಿಡಿದಿರುವ ಗಿಂಬಲ್ ಕೀಲಿಗಿಂತ ತುಸುವೇ ಕೆಳಭಾರವಾಗಿ ತೂಗುತ್ತಿರುತ್ತದೆ. ಸ್ಲೆಡ್ 12 ಕೆ.ಜಿ. ಇದ್ದು, ಅದರ ಗುರುತ್ವ ಕೇಂದ್ರ ಗಿಂಬಲ್ಲಿಗಿಂತ 1 ಸೆಂ.ಮೀ. ಕೆಳಗಿದೆ ಎಂದುಕೊಂಡರೆ, ನನ್ನ 24-70ರ ಅದೇ ಓಡಾಟ ಕ್ಯಾಮೆರಾವನ್ನು ಸುಮಾರು 4 ಡಿಗ್ರಿ ಮುಂದಕ್ಕೆ ಬಾಗಿಸುತ್ತದೆ. ಅದನ್ನು ಬೆರಳಿನ ತುದಿಯಿಂದ ಶಾಟ್ ಮುಗಿಯುವವರೆಗೂ ಹಿಡಿದೇ ಇರಬೇಕು.

ಮುಂದೆ ಅಳೆದದ್ದು ಉದ್ದ ಬದಲಾಗದ ಇನ್ನೊಂದು ಫೋಟೋ ಜೂಮನ್ನು. ಹೊರಗಿನಿಂದ ನೋಡಿದರೆ ಏನೂ ಸರಿಯುವುದಿಲ್ಲ, ಆದರೆ ಒಳಗೆ ಗಾಜಿನ ಗುಂಪುಗಳು ಸರಿಯುತ್ತವೆ. ಸ್ಕೇಲಿನ ಮೇಲೆ 3 ಮಿ.ಮೀ. ಬಂತು. ಉದ್ದ ಬದಲಾಗುವುದಿಲ್ಲ ಎಂಬ ಮಾತನ್ನು ಸಮತೋಲನ ಬದಲಾಗುವುದಿಲ್ಲ ಎಂದು ಓದಿಕೊಳ್ಳಬಾರದು ಎಂಬುದು ಇಲ್ಲಿ ಗೊತ್ತಾಯಿತು. ಆದರೂ ಗಿಂಬಲ್ ಇಷ್ಟನ್ನು ಸದ್ದಿಲ್ಲದೆ ಸಹಿಸಿಕೊಂಡಿತು. ಆ ಲೆನ್ಸನ್ನು ಬಿಡಬೇಕಾದದ್ದು ಬೇರೆ ಕಾರಣಕ್ಕೆ. ಅದರ ಫೋಕಸ್ ರಿಂಗಿಗೆ ಗಟ್ಟಿ ನಿಲುಗಡೆಗಳಿಲ್ಲ, ಎಷ್ಟು ಬೇಕಾದರೂ ತಿರುಗುತ್ತಲೇ ಹೋಗುತ್ತದೆ. ಫೋಕಸ್ ಮೋಟರು ಎರಡು ತುದಿಗಳನ್ನು ಹುಡುಕಿ ಅವುಗಳ ನಡುವಿನ ದೂರವನ್ನು ಕಲಿಯುತ್ತದೆ. ತುದಿಯೇ ಇಲ್ಲದ ರಿಂಗನ್ನು ಕೊಟ್ಟರೆ ಅದು ಕಲಿಯುವುದಾದರೂ ಏನನ್ನು? ಸೋನಿಯ 16-35 ಎಫ್/4 ಪವರ್ ಜೂಮ್ ಕೇವಲ 353 ಗ್ರಾಂ ಎಂಬುದು ನನ್ನನ್ನು ಬಹಳ ಸೆಳೆದಿತ್ತು. ಒಬ್ಬರೇ ಓಡಾಡಿಕೊಂಡು, ಆಟೋಫೋಕಸ್ ನಂಬಿ ಚಿತ್ರಿಸುವವರಿಗೆ ನಾನು ಅದನ್ನೇ ಹೇಳುತ್ತೇನೆ. ನನ್ನ ಜೊತೆಗೆ ಫೋಕಸ್ ಎಳೆಯುವವರು ಒಬ್ಬರಿರುತ್ತಾರೆ, ಅವರಿಗೆ ಅಡಿ ಮೀಟರುಗಳ ಗುರುತು ಕೆತ್ತಿದ ರಿಂಗು ಬೇಕು.

ಹೀಗೆ ಸೋಸುತ್ತ ಹೋದಾಗ ಉಳಿದದ್ದು ಎರಡು. ಒಂದು ಕ್ಯಾನನ್ 18-80, ಟಿ4.4, 1.2 ಕೆ.ಜಿ., ಒಳಗೇ ಸ್ಥಿರೀಕರಣ ಇರುವಂಥದ್ದು. ಇನ್ನೊಂದು ಫ್ಯೂಜಿನಾನ್ ಎಂಕೆ 18-55, ಟಿ2.9, 980 ಗ್ರಾಂ, ಇ-ಮೌಂಟಿಗೆಂದೇ 2017ರಲ್ಲಿ ಬಂದದ್ದು. ಟೆಲಿ ಕಡೆಗೆ ಕ್ಯಾನನ್ ಬಹಳ ಮುಂದೆ ಹೋಗುತ್ತದೆ, ಆದರೆ ಟಿ2.9 ಎಲ್ಲಿ, ಟಿ4.4 ಎಲ್ಲಿ, ಬೆಳಕಿನಲ್ಲಿ ಅದು ಒಂದು ಸ್ಟಾಪಿಗಿಂತಲೂ, ಅಂದರೆ ಎರಡು ಪಟ್ಟಿಗಿಂತಲೂ ಹೆಚ್ಚಿನ ವ್ಯತ್ಯಾಸ, ಸಂಜೆಯ ಕೆಲಸಕ್ಕೆ ಅದು ದೊಡ್ಡದೇ. ಲೆನ್ಸಿನೊಳಗಿನ ಸ್ಥಿರೀಕರಣವೂ ಗಿಂಬಲ್ ಮೇಲೆ ನನಗೆ ಬೇಡವಾಗಿತ್ತು. ಗಿಂಬಲ್ ಬೇಕೆಂದೇ ಮೆಲ್ಲಗೆ ಪಕ್ಕಕ್ಕೆ ತಿರುಗಲು (ಪ್ಯಾನ್) ಶುರುಮಾಡಿದಾಗ ಲೆನ್ಸು ಅದನ್ನು ಅಲುಗಾಟವೆಂದು ತಿಳಿದು ತಡೆಯಲು ಹೋಗುತ್ತದೆ, ಆಮೇಲೆ ಸೋತು ಬಿಟ್ಟುಕೊಡುತ್ತದೆ. ಫ್ರೇಮು ಒಂದು ಕ್ಷಣ ಅಂಟಿಕೊಂಡು ಆಮೇಲೆ ಜಾರಿದಂತೆ ಕಾಣುತ್ತದೆ. ಕ್ಯಾಮೆರಾದೊಳಗಿನ ಸ್ಥಿರೀಕರಣಕ್ಕೂ ಇದೇ ಮಾತು. ಎಂಕೆ ಲೆನ್ಸಿನ ಇ-ಮೌಂಟ್ ಆವೃತ್ತಿಗೆ ವಿದ್ಯುತ್ ಸಂಪರ್ಕದ ಪಿನ್ನುಗಳಿಲ್ಲವಾದ್ದರಿಂದ, ಯಾವ ಫೋಕಲ್ ಲೆಂತ್‌ನಲ್ಲಿದ್ದೇನೆ ಎಂದು ಕ್ಯಾಮೆರಾಗೆ ಕೈಯಿಂದಲೇ ಹೇಳಬೇಕು. 18 ಎಂದು ಹೇಳಿ 55ಕ್ಕೆ ಜೂಮ್ ಮಾಡಿದರೆ ಅದರ ತಿದ್ದುಪಡಿ ಮೂರನೇ ಒಂದು ಪಾಲಿಗೂ ಸಾಲದು. ನಾನು ಅದನ್ನು ಆಫ್ ಮಾಡಿ, ಮತ್ತೆ ಆನ್ ಮಾಡಿಲ್ಲ.

ಎಂಕೆಯನ್ನು ಸ್ಕೇಲಿಗೆ ಕಟ್ಟಿದಾಗ ಗುರುತುಗಳ ನಡುವಿನ ಅಂತರ 2 ಮಿ.ಮೀ. ದಾಟಲಿಲ್ಲ. ಅದನ್ನು ನೋಡಿದ ಮೇಲೆ ನಿರ್ಧಾರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಕೂಡಿಸುವ ಕೆಲಸದಲ್ಲಿ ಎರಡು ಎಡವಟ್ಟುಗಳಾದವು. ಮೊದಲನೆಯದು ಫೋಕಸ್. ಮೂರು ಮೀಟರ್ ದೂರದ ಗೋಡೆಗೆ ಕೇಂದ್ರದಿಂದ ಕಡ್ಡಿಗಳು ಹರಡಿದ ಸೀಮೆನ್ಸ್ ಸ್ಟಾರ್ ಚಾರ್ಟ್ ಅಂಟಿಸಿ, ಬೆಳಕಿನ ತೆರಪು (ಐರಿಸ್) ಪೂರ್ತಿ ತೆರೆದು, 55ರಲ್ಲಿ ಕಡ್ಡಿಗಳು ಕೇಂದ್ರದವರೆಗೆ ಬಿಡಿಬಿಡಿಯಾಗಿ ಕಾಣುವಂತೆ ಫೋಕಸ್ ಮಾಡಿ 18ಕ್ಕೆ ಬಂದರೆ ನಡುಭಾಗ ಬೂದುಬಣ್ಣಕ್ಕೆ ತಿರುಗಿತು. ಜೂಮ್ ಮಾಡಿದರೂ ಫೋಕಸ್ ಉಳಿಯುವ ಪಾರ್‌ಫೋಕಲ್ ಲೆನ್ಸೆಂದು ನಂಬಿ ತಂದದ್ದು ಹೀಗೇಕೆ ಎಂದು ಒಂದು ಗಂಟೆ ತಲೆ ಕೆಡಿಸಿಕೊಂಡೆ. ದೋಷ ಲೆನ್ಸಿನದಲ್ಲ, ಮೌಂಟಿನಿಂದ ಸೆನ್ಸರಿಗಿರುವ ಅಂತರ ಕೂದಲೆಳೆಯಷ್ಟು ತಪ್ಪಿತ್ತು. ಟೆಲಿಯಲ್ಲಿ ಫೋಕಸ್ ಮಾಡುವಾಗ ಆ ತಪ್ಪನ್ನು ನಮಗೆ ತಿಳಿಯದಂತೆಯೇ ಫೋಕಸ್ ರಿಂಗಿನಿಂದ ಸರಿದೂಗಿಸಿರುತ್ತೇವೆ. ಆದರೆ ಫೋಕಸ್ ರಿಂಗಿನ ಒಂದೇ ತಿರುವು ಸೆನ್ಸರಿನ ಬಳಿ ಬಿಂಬವನ್ನು ಎಷ್ಟು ಸರಿಸುತ್ತದೆ ಎಂಬುದು ಫೋಕಲ್ ಲೆಂತ್‌ನ ವರ್ಗವನ್ನು ಅನುಸರಿಸುತ್ತದೆ. 55ರಿಂದ 18ಕ್ಕೆ ಬಂದಾಗ ಆ ಸರಿದೂಗಿಕೆ ಒಂಬತ್ತರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, ಅಂತರದ ತಪ್ಪು ಮಾತ್ರ ಮೊದಲಿನಷ್ಟೇ ಉಳಿದು ಬಯಲಾಗುತ್ತದೆ.

ಇದಕ್ಕೆ ಮದ್ದು ಲೆನ್ಸಿನ ಮೈಮೇಲೇ ಇದೆ. ಎಂಕೆಯಲ್ಲಿ ಹಿಂಬದಿಯ ಫೋಕಸ್ ಹೊಂದಿಸುವ ವ್ಯವಸ್ಥೆ ಕೊಟ್ಟಿದ್ದಾರೆ. ಟೆಲಿಯಲ್ಲಿ ಫೋಕಸ್ ರಿಂಗಿನಿಂದ, ವೈಡಿನಲ್ಲಿ ಬ್ಯಾಕ್ ಫೋಕಸಿನಿಂದ ಹೊಂದಿಸಬೇಕು. ಒಂದನ್ನು ಮುಟ್ಟಿದರೆ ಇನ್ನೊಂದು ತುಸು ಕದಲುವುದರಿಂದ, ಎರಡು ತುದಿಗಳ ನಡುವೆ ಹೋಗಿಬಂದು ಮಾಡಬೇಕು. ನನಗೆ ನಾಲ್ಕು ಸುತ್ತು ಬೇಕಾದವು. ಅವಸರದಲ್ಲಿ ಎರಡನೇ ಸುತ್ತಿಗೇ ಲಾಕ್ ಸ್ಕ್ರೂ ಬಿಗಿದು, ಮತ್ತೆ ಸಡಿಲಿಸಬೇಕಾಯಿತು. ಇಂಥ ಸೌಲಭ್ಯವಿಲ್ಲದ ಲೆನ್ಸುಗಳಲ್ಲಿ ಮೌಂಟಿನ ಕೆಳಗೆ ತೆಳುವಾದ ಬಿಲ್ಲೆಗಳನ್ನು (ಶಿಮ್) ಇಟ್ಟು ಸರಿಪಡಿಸಬೇಕಾಗುತ್ತದೆ, ಅದು ಆ ಅಂತರ ಪರೀಕ್ಷಿಸುವ ಕಾಲಿಮೇಟರ್ ಉಪಕರಣ ಇಟ್ಟುಕೊಂಡವರ ಕೆಲಸ.

ಎರಡನೆಯದು ಇನ್ನೂ ಕಿರಿಕಿರಿಯದು. ಫೋಕಸ್ ಮೋಟರು ದಿಕ್ಕು ಬದಲಿಸಿದಾಗಲೆಲ್ಲ ಚಿತ್ರ ಪಕ್ಕಕ್ಕೆ ಚಿಟಿಕೆಯಷ್ಟು ಜಿಗಿಯುತ್ತಿತ್ತು. ಮೊದಲು ಗಿಂಬಲ್ಲಿನ ಮೇಲೆ ಅನುಮಾನ ಪಟ್ಟು ಪ್ಯಾನ್ ಮೋಟರಿನ ಬಿಗಿತವನ್ನು ಏರಿಸಿ ಇಳಿಸಿ ನೋಡಿದೆ, ವ್ಯತ್ಯಾಸವಾಗಲಿಲ್ಲ. ಕೊನೆಗೆ ಮೂತಿಯನ್ನು ಎರಡು ಬೆರಳಿನಿಂದ ಹಿಡಿದು ಅತ್ತಿತ್ತ ಅಲ್ಲಾಡಿಸಿದಾಗ, ಕಿವಿ ಹತ್ತಿರ ತಂದರಷ್ಟೇ ಕೇಳುವ ಟಿಕ್ ಶಬ್ದ ಬಂತು. ಹಲವು ವರ್ಷ ದುಡಿದ ನನ್ನ ಕ್ಯಾಮೆರಾದ ಬಯೊನೆಟ್ ಮೌಂಟಿನ ಸ್ಪ್ರಿಂಗು ಸಡಿಲಗೊಂಡಿತ್ತು. 206 ಮಿ.ಮೀ. ಉದ್ದದ ಲೆನ್ಸು ಅಲ್ಲಿ ಸನ್ನೆಕೋಲಿನಂತೆ ವರ್ತಿಸಿ, ಮೋಟರಿನ ತಳ್ಳುವಿಕೆಯನ್ನು ಮೌಂಟಿಗೆ ದಾಟಿಸುತ್ತಿತ್ತು. ರಾಡುಗಳ ಮೇಲಿನ ಲೆನ್ಸ್ ಆಸರೆಯನ್ನು ಅಲ್ಲಿಯವರೆಗೆ ಅಲಂಕಾರಕ್ಕೆಂಬಂತೆ ಸಡಿಲವಾಗಿ ಬಿಟ್ಟಿದ್ದೆ. ಈಗ ಅದನ್ನು ಲೆನ್ಸಿನ ತಿರುಗದ ಭಾಗಕ್ಕೆ ತಾಗುವಂತೆ ಸರಿಸಿ, ನಡುವೆ ತೆಳುವಾದ ರಬ್ಬರ್ ಹಾಳೆ ಕೊಟ್ಟು ಬಿಗಿದೆ. ಅತಿಯಾಗಿ ಬಿಗಿದರೆ ಲೆನ್ಸು ಮೇಲಕ್ಕೆತ್ತಿ ಮೌಂಟು ಓರೆಯಾಗುತ್ತದೆ, ಆಗ ಚಿತ್ರದ ಮೇಲೂ ಕೆಳಗೂ ಫೋಕಸ್ ಬೇರೆ ಬೇರೆಯಾಗುತ್ತದೆ; ಆಸರೆ ತಾಗಬೇಕು, ಒತ್ತಬಾರದು. ಮೋಟರನ್ನೂ ಲೆನ್ಸಿನ ಹಲ್ಲುಗಳಿಗೆ ಅದುಮಿ ಕೂಡಿಸಿದ್ದೆ. ಅದನ್ನು ಕಾಗದದ ದಪ್ಪದಷ್ಟು ಹಿಂದಕ್ಕೆ ತಂದೆ. ಸಿನಿಮಾ ಲೆನ್ಸುಗಳಲ್ಲಿ ಹಲ್ಲಿನ ಅಳತೆ 0.8 ಮಾಡ್ಯೂಲ್ ಎಂದು ಒಂದೇ ಇರುವುದರಿಂದ, ಮೋಟರಿನ ಗಿಯರ್ ಬದಲಿಸುವ ಗೋಜು ಇರಲಿಲ್ಲ. ಜಿಗಿತ ನಿಂತಿತು.

ಎರಡೂ ಮೋಟರುಗಳು ಎಡಗಡೆಯೇ ಇದ್ದದ್ದರಿಂದ ರೋಲ್ ಅಕ್ಷ ಎಡಕ್ಕೆ ವಾಲುತ್ತಿತ್ತು. ಟ್ರಾನ್ಸ್‌ಮಿಟರನ್ನು ಬಲಕ್ಕೆ ದಾಟಿಸಿ ಸರಿಮಾಡಿದೆ. ಕೇಬಲ್‌ಗಳನ್ನು ಅಕ್ಷದ ಬಳಿ ಸಡಿಲವಾದ ಸುರುಳಿಯಾಗಿ ಬಿಟ್ಟೆ, ಬಿಗಿಯಾದ ಕೇಬಲ್ ಎಂದರೆ ಗಿಂಬಲ್ಲಿಗೆ ಕಟ್ಟಿದ ಸ್ಪ್ರಿಂಗೇ ಸರಿ. ಬೆಳಕು ಮರೆಮಾಡಿ ಫಿಲ್ಟರ್ ಹಿಡಿಯುವ ಮ್ಯಾಟ್ ಬಾಕ್ಸ್ ಹಾಕಲಿಲ್ಲ, ಮೂತಿಯ 82 ಮಿ.ಮೀ. ಥ್ರೆಡ್ಡಿಗೆ ಎನ್‌ಡಿ ತಿರುಗಿಸಿದೆ. ಸಮತೋಲನವನ್ನು ಫಿಲ್ಟರ್ ಹಾಕಿಕೊಂಡೇ ಮಾಡಬೇಕು. ಆ 120 ಗ್ರಾಂ ಇರುವುದು ಅಕ್ಷದಿಂದ ಅತಿ ದೂರದ ಜಾಗದಲ್ಲಿ.

ಇಷ್ಟಾದ ಮೇಲೆ ನಡೆದು ನೋಡಿದಾಗ ಕಂಡ ಮಿತಿ ಲೆನ್ಸಿನದೂ ಅಲ್ಲ, ಗಿಂಬಲ್ಲಿನದೂ ಅಲ್ಲ. ಸುಮಾರು 23.5 ಮಿ.ಮೀ. ಅಗಲದ ಸೆನ್ಸರಿನಲ್ಲಿ 3840 ಪಿಕ್ಸೆಲ್ ಎಂದು ಲೆಕ್ಕ ಹಾಕಿದರೆ, ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಅಲುಗಾಟ 18ರಲ್ಲಿ ಚಿತ್ರವನ್ನು 5 ಪಿಕ್ಸೆಲ್ ಸರಿಸುತ್ತದೆ, 55ರಲ್ಲಿ 16, 135ರಲ್ಲಿ 38. ಇದು ತಿರುಗುವಿಕೆಯ ಲೆಕ್ಕ, ಗಿಂಬಲ್ ಇದನ್ನು ಹಿಡಿಯುತ್ತದೆ. ಆದರೆ ಹೆಜ್ಜೆ ಹಾಕಿದಾಗ ಇಡೀ ರಿಗ್ಗು 3 ಸೆಂ.ಮೀ. ಮೇಲೆ ಕೆಳಗೆ ಆದರೆ, ಮೂರು ಮೀಟರ್ ದೂರದ ಮುಖ 18ರಲ್ಲಿ 30 ಪಿಕ್ಸೆಲ್, 55ರಲ್ಲಿ 90 ಪಿಕ್ಸೆಲ್ ಕುಣಿಯುತ್ತದೆ. ಮೂರು ಅಕ್ಷಗಳ ಯಾವ ಗಿಂಬಲ್ಲೂ ಇದನ್ನು ತಡೆಯಲಾರದು. ಅದಕ್ಕೆ ಮೊಣಕಾಲು ಬಾಗಿಸಿದ ನಡಿಗೆ ಬೇಕು, ಇಲ್ಲವೇ ಮೈಗೆ ಕಟ್ಟಿದ ಸ್ಪ್ರಿಂಗ್ ತೋಳು ಬೇಕು. ಹಾಗಾಗಿ ನಡೆಯುತ್ತ ಚಿತ್ರಿಸುವಾಗ 35ರಿಂದಾಚೆ ಹೋಗುವುದಿಲ್ಲ. 55 ಏನಿದ್ದರೂ ನಿಂತಲ್ಲೇ ದೇಹ ತಿರುಗಿಸುವ ಶಾಟ್‌ಗಳಿಗೆ.

ಈ ಲೆನ್ಸಿನ ಬಗ್ಗೆ ನನಗಿರುವ ಅಸಮಾಧಾನ ಒಂದೇ, 85 ಸೆಂ.ಮೀ.ಗಿಂತ ಹತ್ತಿರ ಹೋದರೆ ಸಾಮಾನ್ಯ ಫೋಕಸ್ ಸಿಗುವುದಿಲ್ಲ. ಇಕ್ಕಟ್ಟಾದ ಕೋಣೆಗಳಲ್ಲಿ, ಕೈಯಲ್ಲಿ ಹಿಡಿದ ವಸ್ತುವಿನತ್ತ ಸಾಗುವ ಶಾಟ್‌ಗಳಲ್ಲಿ ಇದು ಕಾಲಿಗೆ ತೊಡರುತ್ತದೆ. ಅಂಥ ದಿನ ಹಳೆಯ 25ರ ಪ್ರೈಮ್ ಮತ್ತೆ ಹೊರಬರುತ್ತದೆ.

ಆಮೇಲೆ ಇದೇ ಸಾಲಿನ 50-135ನ್ನೂ ತಂದೆ. ಎರಡರ ಉದ್ದವೂ ಒಂದೇ, 980 ಗ್ರಾಂ ತೂಕವೂ ಒಂದೇ, ಟಿ2.9ರ ತೆರಪೂ ಒಂದೇ. ಒಳಗಿನ ಗಾಜಿನ ಹಂಚಿಕೆ ಬೇರೆಯಾದ್ದರಿಂದ ಗುರುತ್ವ ಕೇಂದ್ರ ಮಾತ್ರ ತುಸು ಮುಂದಿದೆ. ಪ್ಲೇಟಿನ ಅಳತೆಗೆರೆಗಳ ಮೇಲೆ 18-55ಕ್ಕೆ ಬಿಳಿ ಟೇಪಿನ ತುಣುಕು ಅಂಟಿಸಿದ್ದೇನೆ, ಅದರಿಂದ ಎರಡು ಗೆರೆ ಹಿಂದೆ 50-135ಕ್ಕೆ ಹಳದಿಯದು. ಲೆನ್ಸ್ ಬದಲಿಸಿದಾಗ ಪ್ಲೇಟಿನ ತಿರುಪು ಸಡಿಲಿಸಿ, ಬಿಳಿಯಿಂದ ಹಳದಿಗೆ ಎಳೆದು, ಮತ್ತೆ ಬಿಗಿದು, ಫೋಕಸ್ ಮೋಟರಿಗೆ ರಿಂಗಿನ ತುದಿಗಳನ್ನು ಮತ್ತೊಮ್ಮೆ ತೋರಿಸಿದರೆ ಕ್ಯಾಮೆರಾ ಕೈಬಿಟ್ಟಲ್ಲೇ ನಿಲ್ಲುತ್ತದೆ.